ಸುಣ್ಣದ ಬೊಟ್ಟು

ಬಿದ್ದದ್ದನ್ನು ಮಾತ್ರ ಎಣಿಸಬೇಕು.
ವಾಲಿದ್ದು ಲೆಕ್ಕಕ್ಕಿಲ್ಲ, ಸುಳಿ ಹರಿದದ್ದು ಲೆಕ್ಕಕ್ಕಿಲ್ಲ.
ತಾಲ್ಲೂಕು ಕಚೇರಿಯಲ್ಲಿ ಹೇಳಿ ಕಳಿಸಿದ್ದು ಇಷ್ಟೇ.
ನೂರಕ್ಕೆ ಮೂವತ್ತಮೂರು ಮಲಗಿದ್ದರೆ ಪರಿಹಾರ,
ಅದಕ್ಕಿಂತ ಕಡಿಮೆಯಾದರೆ ಬರೀ ಗಾಳಿ.

ಎಲ್ಲೋ ಸಮುದ್ರದಲ್ಲಿ ಎದ್ದದ್ದಂತೆ. ಅದಕ್ಕೊಂದು ಹೆಸರೂ ಇತ್ತು,
ಟೀವಿಯವರು ಬಾಯ್ತುಂಬ ಕರೆಯುತ್ತಿದ್ದರು.
ಹಿರಿಯೂರು ಮುಟ್ಟಿ ವೇದಾವತಿ ದಂಡೆಗಿಳಿಯುವಷ್ಟರಲ್ಲಿ
ಆ ಹೆಸರೂ ಎಲ್ಲೋ ಕಳಚಿಬಿದ್ದಿತ್ತು;
ಇಲ್ಲಿಯವರು ಅದನ್ನು ‘ಮೊನ್ನೇದು’ ಅನ್ನುತ್ತಾರೆ.

ಹದಿನೇಳು ಪಹಣಿ, ಒಂದು ಫೋನು, ಅರ್ಧ ಚಾರ್ಜು.
ತೋಟಗಾರಿಕೆಯ ಮಹಲಿಂಗು ಮುಂದೆ, ನಾನು ಹಿಂದೆ,
ಕೆಸರಿಗೆ ಚಪ್ಪಲಿ ಕೊಟ್ಟು ಬಂದ ದುರುಗೇಶಿ ಎಲ್ಲರಿಗಿಂತ ಹಿಂದೆ.
ಪಪ್ಪಾಯಿ ಗಿಡಗಳು ಸೊಂಟದಲ್ಲೇ ಮುರಿದಿದ್ದವು,
ಹಸಿಗಾಯಿಯ ಹಾಲು ಮಣ್ಣ ಮೇಲೆ ಹೆಪ್ಪುಗಟ್ಟಿತ್ತು.
ಡ್ರಿಪ್ ಪೈಪು ಬೇವಿನ ಕೊಂಬೆಗೆ ಸುತ್ತಿಕೊಂಡಿತ್ತು,
ಯಾರೋ ಹರಕೆ ಕಟ್ಟಿದ ಹಾಗೆ.

ಶೆಡ್ಡಿನ ಒಂದು ತಗಡು ಹಾರಿದ್ದಕ್ಕೆ
ಎರಡೆಕರೆ ಬರೆಸಲು ಬಂದಿದ್ದ ಸೊಸೈಟಿಯ ರುದ್ರೇಶಣ್ಣ
ನನ್ನ ಭುಜದ ಹತ್ತಿರ ಬಗ್ಗಿ, ಮೆಲ್ಲಗೆ:
‘ಗಾಳಿ ಬಂದಾಗ ತೂರಿಕೋಬೇಕು ಮೇಡಂ,
ಗಾದೆ ಏನು ಸುಮ್ನೆ ಮಾಡಿದ್ರಾ?’
ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಗಾದ್ರಮ್ಮನ ತೋಟ ಕೊನೆಯದು.
ಅರ್ಧ ಎಕರೆ, ಆರುನೂರ ನಲವತ್ತು ಬಾಳೆ.
ಸಂಖ್ಯೆ ಅವಳಿಗೆ ಬಾಯಿಪಾಠ, ಗುಂಡಿ ತೋಡಿದ ಕೈ ಅವಳದೇ.
ಎರಡು ಸಲ ಎಣಿಸಿದೆವು:
ಒಮ್ಮೆ ನೂರ ತೊಂಬತ್ತು, ಒಮ್ಮೆ ಇನ್ನೂರಿಪ್ಪತ್ತು.
ಒಂದರ ಮೇಲೊಂದು ಮಗುಚಿದ ಮೇಲೆ
ಯಾವ ತಲೆ ಯಾವ ಬುಡದ್ದು?

ಅವಳು ಎಲೆಯಡಿಕೆ ಸಂಚಿ ಬಿಚ್ಚಿ
ಸುಣ್ಣದ ಡಬ್ಬಿ ನನ್ನ ಅಂಗೈಗಿಟ್ಟಳು:
‘ಬುಡಕ್ಕೊಂದು ಬೊಟ್ಟಿಡವ್ವ.
ಬೊಟ್ಟಿಟ್ಟಿದ್ದನ್ನ ಮತ್ತೆ ಎಣಿಸಬ್ಯಾಡ.’

ಇಟ್ಟೆ.
ಗೊನೆ ಹಾಕಿದ್ದಕ್ಕೆ, ಗೊನೆ ಹಾಕಬೇಕಿದ್ದದ್ದಕ್ಕೆ,
ಮೇಲಿನ ಗಿಡ ಬಿದ್ದು ಕೆಳಗೆ ಸತ್ತ ಮರಿಕಂದು
ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಅದಕ್ಕೂ ಒಂದು.
(ಬರುವುದಿಲ್ಲ ಎಂದ ಮಹಲಿಂಗು. ಒರೆಸಿದೆ.)
ನೂರ ಎಂಬತ್ತಕ್ಕೆ ಡಬ್ಬಿ ಬರಿದಾಯಿತು,
ಬೆರಳ ತುದಿ ಉರಿಯತೊಡಗಿತ್ತು.
ಉಳಿದವಕ್ಕೆ ಅವಳ ಒಲೆಯ ಬೂದಿ.

ಇನ್ನೂರ ಹನ್ನೊಂದು.
ಮಹಲಿಂಗು ಫೋನಿನಲ್ಲಿ ಭಾಗಿಸಿ, ಇನ್ನೊಮ್ಮೆ ಭಾಗಿಸಿ,
ಪರದೆಯನ್ನು ಅಂಗಿಗೆ ಒರೆಸಿ ತೋರಿಸಿದ:
ಮೂವತ್ತೆರಡು ಪಾಯಿಂಟು ಒಂಬತ್ತು ಏಳು.
ಒಂದು ಗಿಡ ಕಡಿಮೆ.

ಬದುವಿನ ಮೂಲೆಯಲ್ಲಿ ಅದು ನಿಂತಿತ್ತು,
ನಿಂತಿತ್ತು ಎನ್ನಬಹುದಾದರೆ.
ಒಂದು ಮಗ್ಗುಲಿನ ಬೇರು ಬಿಸಿಲಿಗೆ ಬಿದ್ದು,
ಗೊನೆಯ ಭಾರಕ್ಕೆ ಬಿದಿರಿನ ಊರೆ ಬಿಲ್ಲಾಗಿ.
‘ಒಂದು ಕೈ ಹಚ್ಚಿದ್ರೆ ಸಾಕು,’ ದುರುಗೇಶಿ ಅಂದ,
ಯಾರ ಮುಖವನ್ನೂ ನೋಡದೆ.
ಮಹಲಿಂಗು ಕಾಲುವೆಯ ಕಡೆ ತಿರುಗಿ ನಿಂತ.
ನನ್ನ ಬೆನ್ನಿನ ಚೀಲ ತುಂಬಾ ಭಾರವಿತ್ತು,
ಎಲ್ಲಾದರೂ ಒರಗಿಸಬಹುದಿತ್ತು.

ಗಾದ್ರಮ್ಮ ನಡೆದುಹೋಗಿ
ಊರೆಯ ಬುಡಕ್ಕೆ ಒಂದು ಕಲ್ಲು ಒತ್ತಿದಳು.
‘ಇದು ನಿಂತೈತೆ.
ಮೂರು ದಿನದಿಂದ ನೋಡ್ತಾ ಇದೀನಿ,
ಬೀಳ್ತೀನಿ ಬೀಳ್ತೀನಿ ಅಂತೈತೆ, ಬೀಳ್ತಾನೇ ಇಲ್ಲ.
ನಾವ್ಯಾಕೆ ಬೀಳ್ಸಾನ?’

ಆಮೇಲೆ ಫೋಟೊ. ರೈತರು ಬೆಳೆಯ ಪಕ್ಕ ನಿಂತಿರಬೇಕು.
ನೀರು ಮುಟ್ಟಿಸಿ ತಲೆ ನೇವರಿಸಿಕೊಂಡು
ಬೂದಿಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತಳು.

ರಾತ್ರಿ ಅನ್ನ ಕಲಸುವಾಗ ಬೆರಳು ಚುರುಗುಟ್ಟಿತು.
ಹದಿನಾರು ಅರ್ಜಿ ಕಳಿಸಿದ್ದೆ.
ಹದಿನೇಳನೆಯದರಲ್ಲಿ ಇನ್ನೂ ಪೆನ್ಸಿಲ್ಲಿನ ಅಂಕಿ.
ನಾಳೆ ಹನ್ನೊಂದರವರೆಗೆ ಸಮಯವಿದೆ.

ಹೊರಗೆ ಸಣ್ಣಗೆ ಗಾಳಿ ಎದ್ದಿತು.
ಎಂಜಲು ಕೈಯಲ್ಲೇ ಕಿಟಕಿಗೆ ಹೋಗಿ ನಿಂತೆ,
ಏನೆಂದು ಬೇಡಿಕೊಳ್ಳಬೇಕೋ ತಿಳಿಯದೆ.